ಅಡೇನಿಯಂ ಹೊಟ್ಟೆ ಮೆತ್ತಗಾಗಿದೆ, ಗಿಡ ಉಳಿಯುತ್ತಾ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಎರಡು ವರ್ಷದ ಹಿಂದೆ ನರ್ಸರಿಯಿಂದ ಒಂದು ಅಡೇನಿಯಂ ಗಿಡ ತಂದೆ. ತಂದಾಗ ಕಡುಗೆಂಪು ಹೂ ಇತ್ತು, ಗುಲಾಬಿ ಹಾಗೆ ಸುತ್ತು ಸುತ್ತು ಎಸಳು. ಈ ಬೇಸಿಗೆಯಲ್ಲಿ ನೋಡಿದರೆ ಬರೀ ಐದು ಎಸಳಿನ ತಿಳಿಗುಲಾಬಿ ಹೂ ಬಿಟ್ಟಿತು. ಈಗ ಹದಿನೈದು ದಿನದಿಂದ ಎಲೆ ಹಳದಿಯಾಗಿ ಉದುರುತ್ತಿದೆ. ಬುಡದ ದಪ್ಪ ಭಾಗ ಒಂದು ಕಡೆ ಒತ್ತಿದರೆ ಮೆತ್ತಗಿದೆ. ನೀರು ಸಾಲದೇನೋ ಎಂದು ನಮ್ಮ ಅತ್ತೆಯವರು ತುಳಸಿಗೆ ಹಾಕುವಾಗ ದಿನಾ ಇದಕ್ಕೂ ಒಂದು ಚೊಂಬು ಹಾಕುತ್ತಿದ್ದಾರೆ. ಕುಂಡದಿಂದ ತೆಗೆದು ಮನೆ ಮುಂದೆ ನೆಲಕ್ಕೆ ಹಾಕಿದರೆ ಸರಿಹೋಗುತ್ತದೆಯೇ? ಪಕ್ಕದ ಮನೆಯವರು ಇದು ವಿಷದ ಗಿಡ, ಮಕ್ಕಳಿರುವ ಮನೆಯಲ್ಲಿ ಇಡಬೇಡಿ ಎನ್ನುತ್ತಾರೆ. ಅದು ನಿಜವೇ?

ಉತ್ತರ: ಮೊದಲು ಆ ಚೊಂಬು ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಕುಂಡವನ್ನು ಮಳೆ ಬೀಳದ, ಗಾಳಿಯಾಡುವ ಕಡೆ ಸರಿಸಿ. ಅಡಿಯಲ್ಲಿ ತಟ್ಟೆ ಇಟ್ಟಿದ್ದರೆ ತೆಗೆದುಬಿಡಿ.

ಅತ್ತೆಯವರ ಮೇಲೆ ಬೇಸರ ಬೇಡ. ಎಲೆ ಹಳದಿಯಾಯಿತು ಅಂದರೆ ನೀರು ಬೇಕು ಎಂದು ಎಲ್ಲರಿಗೂ ಅನಿಸುತ್ತದೆ. ತುಳಸಿ, ಮಲ್ಲಿಗೆ, ದಾಸವಾಳ ಸಾಕಿದ ಕೈಗೆ ಅದೇ ಅಭ್ಯಾಸ. ಆದರೆ ಅಡೇನಿಯಂ ಬುಡದಲ್ಲಿ ಆ ದಪ್ಪ ಹೊಟ್ಟೆ ಇದೆಯಲ್ಲ, ಅದು ಗಿಡದ ಸ್ವಂತ ನೀರಿನ ಟ್ಯಾಂಕು. ಟ್ಯಾಂಕು ತುಂಬಿದೆಯೋ ಖಾಲಿಯೋ ಎಂದು ನೋಡದೆ ಮೋಟರ್ ಹಾಕಿದ ಹಾಗಾಗಿದೆ ನಿಮ್ಮ ಮನೆಯಲ್ಲಿ.

ಟ್ಯಾಂಕು ನೋಡುವುದು ಹೆಬ್ಬೆರಳಿನಲ್ಲಿ. ಮಣ್ಣಿಗೆ ತಾಗುವ ಜಾಗದಿಂದ ಕೊಂಬೆ ಕವಲೊಡೆಯುವ ತನಕ ಬೆರಳಗಲ ಬಿಟ್ಟು ಬಿಟ್ಟು ಸುತ್ತಲೂ ಒತ್ತಿ. ಆರೋಗ್ಯವಾಗಿರುವ ಹೊಟ್ಟೆ ಹಸಿ ಆಲೂಗಡ್ಡೆ ಹಾಗೆ ಗಟ್ಟಿ ಇರುತ್ತದೆ. ಇಡೀ ಹೊಟ್ಟೆ ಒಂದೇ ಸಮ ಸ್ವಲ್ಪ ಮೆದುವಾಗಿ, ಸಿಪ್ಪೆ ಸುಕ್ಕಾಗಿದ್ದರೆ ಗಿಡಕ್ಕೆ ಬಾಯಾರಿದೆ. ಆಗ ಚೆನ್ನಾಗಿ ನೀರು ಕೊಟ್ಟರೆ ಕೆಲವೇ ದಿನದಲ್ಲಿ ಮತ್ತೆ ಬಿಗಿಯಾಗುತ್ತದೆ. ಒಂದು ಕಡೆ ಮಾತ್ರ ಮೆತ್ತಗಿದ್ದು, ಒತ್ತಿದ ಕುಳಿ ಹಾಗೇ ಉಳಿದು, ಸಿಪ್ಪೆ ಕಂದಾಗಿ, ಮೂಸಿದರೆ ಕೆಟ್ಟ ತರಕಾರಿ ವಾಸನೆ ಬಂದರೆ ಅದು ಕೊಳೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಕೊಳೆಯೇ. ಉಳಿದ ಭಾಗ ಇನ್ನೂ ಗಟ್ಟಿ ಇದೆ ಅಂದರೆ ಉಳಿಸಿಕೊಳ್ಳಬಹುದು, ಆದರೆ ಭಾನುವಾರದ ತನಕ ಕಾಯಬೇಡಿ.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ಗಿಡವನ್ನು ಮಣ್ಣು ಸಮೇತ ಕುಂಡದಿಂದ ತೆಗೆದು, ಮಣ್ಣು ಉದುರಿಸಿ, ಬೇರನ್ನು ನಲ್ಲಿ ಕೆಳಗೆ ತೊಳೆಯಿರಿ. ನೂಲಿನ ಹಾಗೆ ಜಾರಿ ಬರುವ ಕಪ್ಪು ಬೇರೆಲ್ಲ ಸತ್ತದ್ದು, ಅದನ್ನು ಕತ್ತರಿಸಿ. ಆಮೇಲೆ ಹರಿತವಾದ ಚಾಕು ತೆಗೆದುಕೊಂಡು ಮೆತ್ತಗಿನ ಜಾಗವನ್ನು ಕೆತ್ತುತ್ತಾ ಹೋಗಿ. ಹುಳುಕು ಬದನೆಕಾಯಿ ಹೆಚ್ಚುವಾಗ ಹುಳುಕಿನ ಸುತ್ತ ಕತ್ತರಿಸಿ ಬಿಸಾಡುವುದಿಲ್ಲವೇ, ಹಾಗೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಒಂದು ಕಂದು ಚುಕ್ಕಿಯೂ ಇಲ್ಲದ ತಿರುಳು ಕಾಣುವ ತನಕ ಕೆತ್ತಬೇಕು. ಇಲ್ಲಿ ಜನ ಕನಿಕರ ತೋರಿಸಿ ಕೆಡಿಸುತ್ತಾರೆ. ಸಾಸಿವೆ ಕಾಳಿನಷ್ಟು ಕಂದು ಉಳಿದರೂ ಮುಂದಿನ ವಾರ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಹೊಟ್ಟೆಯ ಅರ್ಧ ಹೋದರೂ ಗಿಡ ಬದುಕುತ್ತದೆ. ಪ್ರತಿ ಸಲ ಕೆತ್ತಿದ ಮೇಲೆ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲವೇ ಗ್ಯಾಸ್ ಉರಿಗೆ ಹಿಡಿದು ತಣಿಸಿ. ಹಾಗೆ ಮಾಡದಿದ್ದರೆ ರೋಗವನ್ನು ನೀವೇ ಹೊಸ ಗಾಯಕ್ಕೆ ಹಚ್ಚಿದ ಹಾಗಾಗುತ್ತದೆ.

ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿಯ ಪುಡಿ ಬಳಿಯಿರಿ. ಯಾವ ಗೊಬ್ಬರದ ಅಂಗಡಿಯಲ್ಲಾದರೂ ಸಿಗುತ್ತದೆ. ಚೂರು ನೀರಿನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಹಳೆ ಬ್ರಷ್‌ನಿಂದ ಹಚ್ಚಿದರೆ ಸಾಕು. ಚನ್ನಗಿರಿ ಕಡೆ ನೆಂಟರಿದ್ದರೆ ತಾಮ್ರದ ಔಷಧಿ ಅಂದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಅವರು ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ದ್ರಾವಣ, ಹೊಡೆಯುವುದು ಕೊಳೆರೋಗಕ್ಕೆ. ಆ ಕೊಳೆ ತರುವುದು ಫೈಟಾಫ್ತೊರಾ ಎಂಬ ಬೂಷ್ಟಿನಂಥ ರೋಗಾಣು. ಅಡೇನಿಯಂ ಬುಡ ತಿನ್ನುವುದೂ ಆ ಫೈಟಾಫ್ತೊರಾ ಬಳಗ ಮತ್ತು ಅದರ ದಾಯಾದಿ ಪಿಥಿಯಂ. ಎರಡಕ್ಕೂ ನಿಂತ ನೀರು ಅಂದರೆ ಹಬ್ಬ. ಗಾಯಕ್ಕೆ ಅರಿಶಿನ ಹಚ್ಚುವವರೂ ಇದ್ದಾರೆ. ಬೇಡ ಅನ್ನುವುದಿಲ್ಲ, ಆದರೆ ಇಷ್ಟು ಮುಂದುವರಿದ ಕೊಳೆಗೆ ನಾನು ಅರಿಶಿನ ನೆಚ್ಚಿಕೊಂಡು ಕೂರುವುದಿಲ್ಲ.

ಇನ್ನು ಒಣಗಿಸುವುದು. ಉಳಿದ ಎಲೆಗಳನ್ನೂ ಚಿವುಟಿ ತೆಗೆದು, ಗಿಡವನ್ನು ಬೇರು ಮೇಲಾಗಿ ಹಗ್ಗಕ್ಕೆ ತೂಗುಹಾಕಿ. ಮಣ್ಣಿಲ್ಲದೆ ಹತ್ತು ದಿನ ಹೇಗೆ ಇರುತ್ತದೆ ಎಂದು ಗಾಬರಿಯಾಗಬೇಡಿ, ಟ್ಯಾಂಕು ಇದೆಯಲ್ಲ. ಬೇಸಿಗೆಯಾಗಿದ್ದರೆ ನೆರಳಿನಲ್ಲಿ ವಾರ ಸಾಕಿತ್ತು. ಈಗ ಪುಷ್ಯ ಮಳೆಯ ತಂಡಿ, ಗಾಯ ಬೇಗ ಆರುವುದಿಲ್ಲ. ರಾತ್ರಿ ಫ್ಯಾನ್ ಹಾಕುವ ಕೋಣೆಯಲ್ಲಿ ತೂಗುಹಾಕಿದರೆ ಒಳ್ಳೆಯದು. ಕೆತ್ತಿದ ಜಾಗ ಒಣಗಿ, ಉಗುರಿನಿಂದ ತಟ್ಟಿದರೆ ಟಕ್ ಟಕ್ ಅನ್ನುವಷ್ಟು ಗಟ್ಟಿಯಾದ ಮೇಲೆ ಒಣ ಮಣ್ಣಿನಲ್ಲಿ ನೆಡಿ. ನೆಟ್ಟ ಮೇಲೂ ಒಂದು ವಾರ ನೀರಿಲ್ಲ.

ಬುಡ ಪೂರ್ತಿ ಹೋಗಿದ್ದರೆ ಮಾತ್ರ ಬೇರೆ ದಾರಿ. ಗಟ್ಟಿಯಿರುವ ಕೊಂಬೆಗಳನ್ನು ಗೇಣುದ್ದ ಕತ್ತರಿಸಿ, ಒಂದು ವಾರ ಒಣಗಿಸಿ, ಮರಳಿನಲ್ಲಿ ಊರಿದರೆ ಬೇರು ಬಿಡುತ್ತವೆ. ಆದರೆ ಕಡ್ಡಿಯಿಂದ ಬಂದ ಗಿಡಕ್ಕೆ ಬೀಜದ ಗಿಡದ ಆ ಚೆಂದದ ಹೊಟ್ಟೆ ಬರುವುದಿಲ್ಲ. ಹೂ ಬರುತ್ತದೆ, ಆಕಾರ ಬರುವುದಿಲ್ಲ.

ಈಗ ಇದು ಯಾಕಾಯಿತು ಎಂದು ನೋಡೋಣ. ಚೊಂಬಿನ ನೀರು ಒಂದು ಕಾರಣ ಅಷ್ಟೇ. ನಿಮ್ಮ ದಾವಣಗೆರೆ, ನಮ್ಮ ಚಿತ್ರದುರ್ಗ, ಎರಡೂ ಜಿಲ್ಲೆ ಬಯಲುಸೀಮೆ. ಬಿಸಿಲು ಬೇಕಾದಷ್ಟು, ಮಳೆ ಕಡಿಮೆ. ಚಳ್ಳಕೆರೆ, ಹಿರಿಯೂರು ಕಡೆಯಂತೂ ಅಡೇನಿಯಂಗೆ ತವರುಮನೆ ಇದ್ದ ಹಾಗೆ. ಹಾಗಿದ್ದೂ ಇಲ್ಲಿ ಗಿಡ ಕೊಳೆತು ಸಾಯುವುದು ಈ ಆರಿದ್ರಾದಿಂದ ಆಶ್ಲೇಷದ ತನಕದ ಜಿಟಿಜಿಟಿ ದಿನಗಳಲ್ಲಿ. ಅಕ್ಟೋಬರಿನ ಚಿತ್ತೆ ಮಳೆ ಗುಡುಗಿ ಒಂದು ಗಂಟೆ ಸುರಿದರೂ ಮಾರನೇ ದಿನ ಬಿಸಿಲು ಬಂದು ಮಣ್ಣು ಒಣಗುತ್ತದೆ. ಗಿಡಕ್ಕೆ ಏನೂ ಆಗುವುದಿಲ್ಲ. ಆದರೆ ಎಂಟು ದಿನ ಸೂರ್ಯ ಕಾಣದೆ, ಮಳೆಯೂ ಸರಿಯಾಗಿ ಬಾರದೆ, ಸುಮ್ನೆ ತೇವ ಹಿಡಿದುಕೊಂಡು ಕೂತಿರುತ್ತದಲ್ಲ, ಅದು ಕೊಲ್ಲುತ್ತದೆ. ಮಳೆ ಬಂತಾ ಎಂದು ಕೇಳಿದರೆ ಇಲ್ಲ ಅನ್ನಬೇಕು, ಆದರೆ ಮಣ್ಣು ಮುಟ್ಟಿದರೆ ಒದ್ದೆ. ದಾವಣಗೆರೆಯಲ್ಲಿ ಸುತ್ತ ಭದ್ರಾ ಕಾಲುವೆಯ ಗದ್ದೆಗಳ ತೇವ ಬೇರೆ.

ನನಗೆ ಬುದ್ಧಿ ಬಂದದ್ದು ತಟ್ಟೆಗಳಿಂದ. ಚಿತ್ರದುರ್ಗದಲ್ಲಿ ನಮ್ಮ ತಾರಸಿಯ ಮೇಲೆ ಆಗ ಹದಿನಾಲ್ಕು ಅಡೇನಿಯಂ ಇದ್ದವು. ಕೆಮ್ಮಣ್ಣಿನ ಕಲೆ ಹಿಡಿಯಬಾರದು ಎಂದು ಪ್ರತಿ ಕುಂಡದ ಅಡಿಗೆ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದೆ. ಒಂದು ಜುಲೈನಲ್ಲಿ ಹನ್ನೆರಡು ದಿನ ಊರಲ್ಲಿರಲಿಲ್ಲ. ಮಳೆಗಾಲ ತಾನೇ, ನೀರು ಹಾಕುವ ಕೆಲಸವೂ ಇಲ್ಲ ಎಂದು ನಿಶ್ಚಿಂತೆಯಿಂದ ಹೋದೆ. ಬಂದು ನೋಡಿದಾಗ ಎಲ್ಲ ಹಸಿರಾಗಿಯೇ ಕಂಡವು. ಒಂದರ ತುದಿಯಲ್ಲಿ ಎರಡು ಹೂ ಕೂಡ ಅರಳಿತ್ತು. ಅದನ್ನೇ ಸ್ವಲ್ಪ ತಿರುಗಿಸೋಣ ಎಂದು ಕೊಂಬೆ ಹಿಡಿದು ಎತ್ತಿದೆ. ಹೂವಿನ ಸಮೇತ ಮೇಲಿನ ಗಿಡ ಕೈಗೆ ಬಂತು. ಬುಡ ಕುಂಡದಲ್ಲೇ ಉಳಿಯಿತು, ಒಳಗೆ ಕಳಿತ ಬಾಳೆಹಣ್ಣಿನ ಹಾಗೆ. ಅಡಿಯ ತಟ್ಟೆಯಲ್ಲಿ ನೀರು, ನೀರಿನಲ್ಲಿ ಸೊಳ್ಳೆ ಮರಿ. ಹದಿನಾಲ್ಕರಲ್ಲಿ ಒಂಬತ್ತು ಹೋದವು. ತಾರಸಿಗೆ ಕಲೆ ಮಾತ್ರ ಆಗಿರಲಿಲ್ಲ.

ಅಂದಿನಿಂದ ತಟ್ಟೆ ಇಲ್ಲ. ಕುಂಡದ ಅಡಿಗೆ ಮೂರು ಇಟ್ಟಿಗೆ ಚೂರು, ನೀರು ಇಳಿದು ಹೋಗಲಿ. ಮೃಗಶಿರಾ ಮಳೆ ಹತ್ತಿರ ಬಂದಾಗಲೇ ಎಲ್ಲ ಕುಂಡವನ್ನೂ ಶೀಟಿನ ಅಡಿ ಸಾಲಾಗಿ ಜೋಡಿಸಿಬಿಡುತ್ತೇನೆ. ನಿಮ್ಮಲ್ಲಿ ಶೀಟಿಲ್ಲದಿದ್ದರೆ ಬೆಳಕು ಬೀಳುವ ಬಾಲ್ಕನಿ ಸಾಕು. ಸೂರಿನ ನೀರು ಸುರಿಯುವ ಸಾಲಿನಲ್ಲಿ ಮಾತ್ರ ಇಡಬೇಡಿ.

ಎರಡನೇ ಕಾರಣ ಮಣ್ಣು. ನರ್ಸರಿಯಿಂದ ಬರುವ ಗಿಡಗಳ ಬೇರಿನ ಸುತ್ತ ಹೆಚ್ಚಾಗಿ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ತುಂಬಿರುತ್ತಾರೆ. ಸಾಗಿಸಲು ಹಗುರ, ದಿನಾ ನೀರು ಹಾಕುವ ಕೆಲಸವೂ ಕಡಿಮೆ. ಅಂಗಡಿಗೆ ಅದು ಸರಿ. ಮನೆಗೆ ತಂದ ಮೇಲೂ ಆ ಉಂಡೆ ಹಾಗೇ ಉಳಿದರೆ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಸ್ಪಂಜಿನಂತೆ ನೀರು ಹಿಡಿದಿರುತ್ತದೆ. ನಿಮ್ಮ ಗಿಡ ತೆಗೆದಾಗ ಬೇರಿನ ನಡುವೆ ಆ ಕಂದು ಉಂಡೆ ಸಿಕ್ಕರೆ ನನಗೆ ಆಶ್ಚರ್ಯವಾಗುವುದಿಲ್ಲ. ಪೂರ್ತಿ ಬಿಡಿಸಿ ತೆಗೆಯಿರಿ.

ಕೋಟೆ ಹತ್ತುವಾಗ ಒಂದು ಸಲ ಬಂಡೆ ಸಂದಿಯ ಕಳ್ಳಿ ಗಿಡಗಳನ್ನು ನಿಂತು ನೋಡಿ. ಚಿತ್ರದುರ್ಗಕ್ಕೆ ಬಂದವರು ಒನಕೆ ಓಬವ್ವನ ಕಿಂಡಿ ನೋಡಲು ಓಡುತ್ತಾರೆ, ದಾರಿಯ ಕಳ್ಳಿಯನ್ನು ಯಾರೂ ನೋಡುವುದಿಲ್ಲ. ಅದರ ಬುಡದಲ್ಲಿ ಇರುವುದು ಒಂದು ಹಿಡಿ ಕಲ್ಲುಪುಡಿ, ನಾಲ್ಕು ಒಣಗಿದ ಎಲೆ. ಮಳೆ ಬಿದ್ದರೆ ನೀರು ಬಂಡೆ ಮೇಲಿಂದ ಸರ್ರನೆ ಇಳಿದು ಹೋಗುತ್ತದೆ. ಬೇರಿಗೆ ಸಿಗುವುದು ಒಂದು ಗುಟುಕು, ಆಮೇಲೆ ಗಾಳಿ. ಅಡೇನಿಯಂ ಹುಟ್ಟಿ ಬೆಳೆದ ಆಫ್ರಿಕಾ, ಅರೇಬಿಯಾದ ಕಲ್ಲುಗುಡ್ಡಗಳಲ್ಲೂ ಹೀಗೆಯೇ. ಕುಂಡದೊಳಗೆ ನಾವು ಆ ಬಂಡೆ ಸಂದಿಯನ್ನು ಮಾಡಿಕೊಡಬೇಕು.

ಅದಕ್ಕೆ ಬೇಕಾದ ಸಾಮಾನು ನಿಮ್ಮ ಊರಲ್ಲೇ ಇದೆ. ಆನ್‌ಲೈನಿನಲ್ಲಿ ಪರ್ಲೈಟ್, ಪ್ಯೂಮಿಸ್ ಎಂಬ ಹಗುರ ಕಲ್ಲುಚೂರುಗಳಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ದಾವಣಗೆರೆ ಮಂಡಕ್ಕಿ ಭಟ್ಟಿಗಳ ಊರು. ಭಟ್ಟಿಯಲ್ಲಿ, ರೈಸ್ ಮಿಲ್ಲಿನಲ್ಲಿ ಭತ್ತದ ಹೊಟ್ಟು ಉರಿಸಿದ ಮೇಲೆ ಉಳಿಯುವ ಕರಿ ಹೊಟ್ಟು ಅಡೇನಿಯಂಗೆ ಅಪ್ಪಟ ಚಿನ್ನ. ಹಗುರ, ಗಾಳಿಯಾಡುತ್ತದೆ, ಬೇಗ ಕೊಳೆಯುವುದಿಲ್ಲ. ಎರಡು ಎಚ್ಚರಿಕೆ: ಹೊಟ್ಟಿನ ಆಕಾರ ಉಳಿದಿರುವ ಕಪ್ಪು ಬಣ್ಣದ್ದೇ ಆಗಬೇಕು, ಪೂರ್ತಿ ಸುಟ್ಟ ಬಿಳಿ ಬೂದಿ ಬೇಡ, ಅದು ಕ್ಷಾರ ಜಾಸ್ತಿ. ಮತ್ತೆ ಬರೀ ಹೊಟ್ಟು ಉರಿಸುವ ಕಡೆಯಿಂದಲೇ ತನ್ನಿ. ಕಂಡ ಕಸವನ್ನೆಲ್ಲ ಸೇರಿಸಿ ಉರಿಸಿದ್ದಾದರೆ ಮುಟ್ಟಬೇಡಿ. ತಂದ ಮೇಲೆ ಬಕೆಟ್ ನೀರಿನಲ್ಲಿ ಒಂದೆರಡು ಸಲ ತೊಳೆದು ಒಣಗಿಸಿ.

ಅಳತೆ ನಾನು ಹಳೆ ಸೇರಿನಲ್ಲಿ ಹಾಕುತ್ತೇನೆ. ಜೋಳದ ಕಾಳಿನಿಂದ ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ ಎರಡು ಸೇರು. ಕರಿ ಹೊಟ್ಟು ಒಂದು ಸೇರು. ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಸೇರು. ಕೆಮ್ಮಣ್ಣು ಅರ್ಧ ಸೇರು, ಒಂದು ಹಿಡಿ ಬೇವಿನ ಹಿಂಡಿ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಸಣ್ಣ ಪುಡಿ ಬಿಟ್ಟು ದಪ್ಪದ್ದನ್ನು ಮಾತ್ರ ತೆಗೆದುಕೊಳ್ಳಿ. ಆ ಪುಡಿ ನೀರು ಬಿದ್ದರೆ ಸಿಮೆಂಟಿನ ಹಾಗೆ ಕೂರುತ್ತದೆ. ಎರೆಮಣ್ಣು ಒಂದು ಚಮಚವೂ ಬೇಡ. ಹತ್ತಿಗೆ, ಜೋಳಕ್ಕೆ ಅದು ದೇವರಂಥ ಮಣ್ಣು. ಅಡೇನಿಯಂಗೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬಿರುಕು. ನೀವು ಕೇಳಿದ ನೆಲಕ್ಕೆ ಹಾಕುವ ಪ್ರಶ್ನೆಗೂ ಇದೇ ಉತ್ತರ. ನಿಮ್ಮ ಮನೆ ಮುಂದಿನ ಮಣ್ಣು ಕಪ್ಪಾಗಿದ್ದರೆ ಆ ಯೋಚನೆ ಬಿಡಿ. ಕೆಮ್ಮಣ್ಣಿದ್ದು, ಮೊಣಕಾಲೆತ್ತರಕ್ಕೆ ಕಲ್ಲು ಜೋಡಿಸಿ ದಿಬ್ಬ ಮಾಡಿ, ಅದರ ಮೇಲೆ ನೆಟ್ಟರೆ ಮರದ ಹಾಗೆ ಬೆಳೆಯುತ್ತದೆ. ಆದರೆ ಆ ಸಾಹಸ ಬರುವ ಬೇಸಿಗೆಗೆ, ಈಗಲ್ಲ.

ಕಲಸಿದ್ದು ಹದವಾಗಿದೆಯೇ ನೋಡಲು ಕುಂಡಕ್ಕೆ ತುಂಬಿ ಒಂದು ಚೊಂಬು ನೀರು ಒಮ್ಮೆಲೇ ಸುರಿಯಿರಿ. ನೀರು ಮೇಲೆ ನಿಲ್ಲದೆ, ನೀವು ಹತ್ತು ಎಣಿಸುವಷ್ಟರಲ್ಲಿ ಅಡಿಯ ತೂತಿನಿಂದ ಬರಬೇಕು. ಬರದಿದ್ದರೆ ಇನ್ನೊಂದಿಷ್ಟು ಇಟ್ಟಿಗೆ ಚೂರು ಸೇರಿಸಿ. ಪರೀಕ್ಷೆ ಮಾಡಿದ ಆ ಮಣ್ಣನ್ನು ಒಣಗಿಸಿ, ಆಮೇಲೆ ಗಿಡ ನೆಡಿ. ಕುಂಡ ಮಣ್ಣಿನದಾದರೆ ಒಳ್ಳೆಯದು. ಆಳಕ್ಕಿಂತ ಅಗಲ ಇರಲಿ. ಗಿಡಕ್ಕಿಂತ ತುಂಬಾ ದೊಡ್ಡ ಕುಂಡ ತರಬೇಡಿ, ಬೇರಿಲ್ಲದ ಮಣ್ಣು ಒಣಗುವುದೇ ಇಲ್ಲ.

ನೀರಿನ ಲೆಕ್ಕ ದಿನದ ಮೇಲೆ ಹೇಳಿದರೆ ತಪ್ಪಾಗುತ್ತದೆ. ಏಪ್ರಿಲ್‌ನಲ್ಲಿ ತಾರಸಿ ಕಾದು ಕಾಲಿಡಲಾಗದ ದಿನಗಳಲ್ಲಿ ನಾನೇ ದಿನ ಬಿಟ್ಟು ದಿನ ಹಾಕುತ್ತೇನೆ. ಗಿಡ ಗಟಗಟ ಕುಡಿಯುತ್ತದೆ. ಈಗ ಹತ್ತು ಹದಿನೈದು ದಿನ ಹಾಕದಿದ್ದರೂ ನಡೆಯುತ್ತದೆ. ಕಾರ್ತಿಕ ಮುಗಿದು ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಎಲೆ ತಾನಾಗಿಯೇ ಉದುರಿ ಗಿಡ ಬೋಳಾಗುತ್ತದೆ. ಆಗ ಸತ್ತಿತು ಎಂದುಕೊಂಡು ಯಾರಾದರೂ ನೀರು ಸುರಿದರೆ ನಿಜವಾಗಿಯೂ ಸಾಯುತ್ತದೆ. ಅದು ನಿದ್ದೆ. ತಿಂಗಳಿಗೆ ಒಂದೆರಡು ಲೋಟ ಸಾಕು. ಯಾವ ಕಾಲವಾದರೂ ಎರಡು ಬೆರಳು ಮಣ್ಣಿಗೆ ಇಳಿಸಿ ನೋಡಿ, ಹೊಟ್ಟೆ ಒತ್ತಿ ನೋಡಿ. ಆಮೇಲೆ ಚೊಂಬಿಗೆ ಕೈ ಹಾಕಿ. ಹಾಕುವಾಗ ಮಾತ್ರ ಜಿಪುಣತನ ಬೇಡ, ಅಡಿಯಿಂದ ಹರಿದು ಹೋಗುವಷ್ಟು ಹಾಕಿ. ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರಿನಲ್ಲಿ ಆಗಾಗ ಮಣ್ಣು ತೊಳೆದರೆ ಆಯಿತು.

ಇನ್ನು ಹೂವಿನ ಬಣ್ಣ ಬದಲಾದ ವಿಷಯ. ನರ್ಸರಿಯವರು ಮೋಸ ಮಾಡಿದರು ಎಂದು ನಿಮಗೆ ಅನಿಸಿರಬಹುದು. ಹಾಗಲ್ಲ. ಸುತ್ತು ಎಸಳಿನ ಅಡೇನಿಯಂಗಳೆಲ್ಲ ಹೆಚ್ಚಾಗಿ ಕಸಿ ಗಿಡ. ಥಾಯ್ಲೆಂಡ್, ತೈವಾನ್ ಕಡೆಯ ಬೆಳೆಗಾರರು ತಳಿ ಮೇಲೆ ತಳಿ ಸೇರಿಸಿ ಈ ತರಹದ ಹೂ ತಂದಿದ್ದಾರೆ. ಬೀಜ ಹಾಕಿದರೆ ಅದೇ ಹೂ ಬರುತ್ತದೆ ಎಂಬ ಭರವಸೆಯಿಲ್ಲ. ಅದಕ್ಕೆ ಬೀಜದಿಂದ ಬೆಳೆಸಿದ ಸಾಮಾನ್ಯ ಗಿಡದ ತಲೆ ಕತ್ತರಿಸಿ, ಬೇಕಾದ ಬಣ್ಣದ ಕಡ್ಡಿ ಕೂರಿಸುತ್ತಾರೆ. ಹೊಟ್ಟೆ ಒಂದು ಗಿಡದ್ದು, ಹೂ ಇನ್ನೊಂದರದ್ದು. ಮಾವಿನ ಕಸಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಕಸಿಯ ಕೆಳಗಿನ ಗಿಡಕ್ಕೆ ಜೀವ ಜಾಸ್ತಿ. ಅಲ್ಲಿಂದ ಚಿಗುರು ಬಂದರೆ ಭರಭರ ಬೆಳೆದು ಮೇಲಿನದನ್ನು ಸೊರಗಿಸುತ್ತದೆ. ನಿಮ್ಮ ತಿಳಿಗುಲಾಬಿ ಹೂ ಬಂದದ್ದು ಅಲ್ಲಿಂದ.

ಗಿಡ ತೊಳೆದು ತೂಗುಹಾಕಿದಾಗ ನಿಧಾನವಾಗಿ ನೋಡಿ. ಹೊಟ್ಟೆಯ ಮೇಲೆ, ಕೊಂಬೆ ಶುರುವಾಗುವ ಕಡೆ ಒಂದು ಗುರುತು ಕಾಣುತ್ತದೆ. ಬಳೆಯ ಹಾಗೆ ಸುತ್ತು ಗೆರೆ ಇರಬಹುದು, ಇಲ್ಲವೇ ತಲೆಕೆಳಗಾದ ಗುಡಾರದ ಹಾಗೆ ಚೂಪಾದ ಗಾಯದ ಕಲೆ. ಅದಕ್ಕಿಂತ ಮೇಲೆ ಸಣಕಲಾಗಿಯಾದರೂ ಒಂದು ಹಸಿರು ಕಡ್ಡಿ ಉಳಿದಿದ್ದರೆ ನಿಮ್ಮ ಕೆಂಪು ಹೂ ಇನ್ನೂ ಜೀವಂತ ಇದೆ. ಕೆಳಗಿನ ಚಿಗುರುಗಳನ್ನೆಲ್ಲ ಬುಡಸಮೇತ ತೆಗೆಯಿರಿ. ಮೇಲೆ ಏನೂ ಇಲ್ಲದಿದ್ದರೆ ನಿಮ್ಮ ಬಳಿ ಈಗ ಇರುವುದು ಐದು ಎಸಳಿನ ಸಾದಾ ಗಿಡ. ನನ್ನ ಕೇಳಿದರೆ ಅದೇ ಚೆಂದ. ಆ ಸುತ್ತು ಎಸಳಿನ ಹೂವುಗಳು ಮಳೆ ಬಿದ್ದರೆ ಒದ್ದೆ ಬಟ್ಟೆಯ ಹಾಗೆ ತಲೆ ಬಾಗಿಸುತ್ತವೆ. ಸಾದಾ ಹೂ ತುತ್ತೂರಿಯಂತೆ ನೆಟ್ಟಗೆ ನಿಂತು, ಗಂಟಲಿನ ಗೆರೆಗಳೆಲ್ಲ ಕಾಣುತ್ತವೆ. ಕೆಂಪೇ ಬೇಕು ಎಂದರೆ ಮಾರ್ಚ್‌ನಲ್ಲಿ ಮತ್ತೆ ಕಸಿ ಕಟ್ಟಬಹುದು.

ಸವರುವುದಕ್ಕೂ ಕುಂಡ ಬದಲಿಸುವುದಕ್ಕೂ ಅದೇ ಕಾಲ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಅನ್ನುತ್ತಾರಲ್ಲ, ಆ ಹೊತ್ತಿಗೆ ಅಡೇನಿಯಂ ಕಣ್ಣು ಬಿಡುತ್ತದೆ. ಹೂ ಬರುವುದು ಕೊಂಬೆಯ ತುದಿಯಲ್ಲಿ. ಎರಡು ಉದ್ದ ಕೊಂಬೆ ಇದ್ದರೆ ಎರಡು ಕಡೆ ಹೂ. ಅದನ್ನು ಅರ್ಧಕ್ಕೆ ಸವರಿದರೆ ಒಂದೊಂದರಿಂದ ಮೂರು ನಾಲ್ಕು ಕವಲೊಡೆಯುತ್ತದೆ, ಅಷ್ಟೂ ತುದಿಗೆ ಹೂ. ಎರಡು ಮೂರು ತಿಂಗಳು ಕಾಯಬೇಕು, ಅಷ್ಟೆ. ಕುಂಡ ಬದಲಿಸುವಾಗ ಪ್ರತಿ ಸಲ ಬೆರಳಗಲ ಮೇಲಕ್ಕೆ ಎತ್ತಿ ನೆಟ್ಟರೆ ದಪ್ಪ ಬೇರುಗಳು ಹೊರಗೆ ಕಾಣುತ್ತಾ ಹೋಗುತ್ತವೆ. ಒಮ್ಮೆಗೇ ಜಾಸ್ತಿ ಎತ್ತಿ ಬಿಸಿಲಿಗಿಟ್ಟರೆ ಆ ಎಳೆ ಸಿಪ್ಪೆ ಸುಟ್ಟುಹೋಗುತ್ತದೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಹಾಲ್‌ನ ಟೀಪಾಯಿ ಮೇಲೆ ಇಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಗೊಬ್ಬರದಲ್ಲಿ ಯೂರಿಯಾ ದೂರ ಇಡಿ. ಎಲೆ ಸೊಕ್ಕುತ್ತದೆ, ಹೊಟ್ಟೆ ಸಡಿಲವಾಗುತ್ತದೆ. ಹಿರಿಯೂರು, ಹೊಸದುರ್ಗ ಕಡೆ ದಾಳಿಂಬೆ ಬೆಳೆಯುವ ಪರಿಚಯದವರಿದ್ದರೆ ಡ್ರಿಪ್‌ಗೆ ಬಿಡುವ 0:52:34 ಗೊಬ್ಬರ (ಸಾರಜನಕ ಇಲ್ಲ, ರಂಜಕ ಮತ್ತು ಪೊಟ್ಯಾಷ್ ಮಾತ್ರ) ಒಂದು ಹಿಡಿ ಕೇಳಿ ತನ್ನಿ, ನಿಮಗೆ ವರ್ಷಕ್ಕಾಗುತ್ತದೆ. ಲೀಟರ್ ನೀರಿಗೆ 1 ಗ್ರಾಂ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ತೇವ ಇರುವ ಮಣ್ಣಿಗೆ. ನಿಮ್ಮ ಈ ರೋಗಿಗೆ ಮಾತ್ರ ಹೊಸ ಎಲೆ ಬರುವ ತನಕ ಯಾವ ಗೊಬ್ಬರವೂ ಬೇಡ. ಗಾಯವಾದ ಬೇರಿಗೆ ಅದು ಹುಣ್ಣಿನ ಮೇಲೆ ಉಪ್ಪು.

ವಿಷದ ವಿಷಯ. ನಿಮ್ಮ ಪಕ್ಕದ ಮನೆಯವರು ಹೇಳಿದ್ದು ನಿಜ. ಆಫ್ರಿಕಾದಲ್ಲಿ ಬೇಟೆಗಾರರು ಇದರ ರಸ ಕಾಯಿಸಿ ಬಾಣದ ತುದಿಗೆ ಹಚ್ಚುತ್ತಿದ್ದರು. ಹೃದಯದ ಬಡಿತ ಕೆಡಿಸುವ ಗುಣ ಆ ರಸಕ್ಕಿದೆ. ಆದರೆ ಅವರ ಮನೆ ಅಂಗಳದಲ್ಲಿ ಕಣಗಿಲೆ ಇದೆಯೇ ಎಂದು ಒಮ್ಮೆ ಕೇಳಿ. ಶಿವನಿಗೆ ಏರಿಸುವ ಆ ಕಣಗಿಲೆಗೂ ಇದಕ್ಕೂ ಒಂದೇ ಮನೆತನ, ವಿಷವೂ ಅದೇ ಬಗೆಯದು. ಯೆಮೆನ್‌ಗೆ ಹೋಗಿ ಅಲ್ಲಿಯೇ 1763ರಲ್ಲಿ ತೀರಿಕೊಂಡ ಪೀಟರ್ ಫೋರ್ಸ್ಕೋಲ್ ಎಂಬ ಸಸ್ಯವಿಜ್ಞಾನಿಯ ಬರಹ 1775ರಲ್ಲಿ ಅಚ್ಚಾದಾಗ ಈ ಗಿಡಕ್ಕಿದ್ದ ಹೆಸರು ನೀರಿಯಂ ಒಬೆಸಂ, ಅಂದರೆ ದಪ್ಪ ಕಣಗಿಲೆ. ಅಡೇನಿಯಂ ಎಂಬ ಹೆಸರು ಬಂದದ್ದು 1819ರಲ್ಲಿ. ನಂದಿಬಟ್ಟಲು, ದೇವಕಣಗಿಲೆ, ನಿತ್ಯಪುಷ್ಪ, ಎಕ್ಕ ಎಲ್ಲ ಇದರ ನೆಂಟರೇ. ಮುಟ್ಟಿದರೆ ಏನೂ ಆಗುವುದಿಲ್ಲ. ಕತ್ತರಿಸಿದಾಗ ಬರುವ ಅಂಟು ರಸ ಬಾಯಿಗೆ, ಕಣ್ಣಿಗೆ, ಗಾಯಕ್ಕೆ ತಾಗಬಾರದು. ಕೆತ್ತಿದ ಚೂರುಗಳನ್ನು ದನ ಮೇಕೆಗೆ ಸಿಗುವ ಹಾಗೆ ಬಿಸಾಡಬೇಡಿ. ಅಡುಗೆಮನೆ ಚಾಕು ಬಳಸಬೇಡಿ. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗು ಇದ್ದರೆ ಕುಂಡ ಎತ್ತರದಲ್ಲಿರಲಿ. ಯಾರಾದರೂ ಎಲೆ, ಹೂ ಅಗಿದು ನುಂಗಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಹುಳದ ಬಗ್ಗೆ ನೀವು ಕೇಳಿಲ್ಲ, ಆದರೆ ಹೊಸ ಎಲೆ ಬಂದ ಮೇಲೆ ಒಂದು ಬೆಳಗ್ಗೆ ಗಿಡ ಬೋಳಾಗಿ ಕಂಡರೆ ಹೆದರಬೇಡಿ. ಬೆರಳು ಗಾತ್ರದ ಹಸಿರು ಹುಳ ಇರುತ್ತದೆ. ತಲೆಯ ಹಿಂದೆ ಎರಡು ನೀಲಿ ಕಣ್ಣು, ಬಾಲದಲ್ಲಿ ಪುಟ್ಟ ಹಳದಿ ಕೊಂಬು. ಕಣಗಿಲೆ ಪತಂಗದ ಮರಿ ಅದು. ಕಣ್ಣು ನಿಜವಾದದ್ದಲ್ಲ, ಹಕ್ಕಿಯನ್ನು ಹೆದರಿಸಲು ಬಿಡಿಸಿಕೊಂಡ ಚಿತ್ರ. ಔಷಧಿ ಹೊಡೆಯುವಷ್ಟು ದೊಡ್ಡ ವಿಷಯವಲ್ಲ. ಕಡ್ಡಿಯಿಂದ ಎತ್ತಿ ನಂದಿಬಟ್ಟಲು ಗಿಡಕ್ಕೆ ಬಿಟ್ಟರೆ ಅಲ್ಲಿ ತಿಂದುಕೊಂಡಿರುತ್ತದೆ. ಬಿಳಿ ಹಿಟ್ಟು ತಿಗಣೆಗೆ ಮಾತ್ರ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಸೇರಿಸಿ ಸಂಜೆ ಹೊತ್ತು ಹೊಡೆಯಿರಿ.

ಈಗ ನಿಮ್ಮ ಗಿಡಕ್ಕೆ ಬರೋಣ. ನೆಟ್ಟು ವಾರದ ಮೇಲೆ ಒಂದು ಲೋಟ ನೀರು ಕೊಟ್ಟು, ಬೆಳಕಿರುವ ಕಡೆ ಬಿಟ್ಟುಬಿಡಿ. ಬೇರು ಬಂತೋ ಇಲ್ಲವೋ ಎಂದು ಕಿತ್ತು ನೋಡಬೇಡಿ. ಗಣಪತಿ ಹಬ್ಬ ಕಳೆದು ಬಿಸಿಲು ತಿರುಗಿದ ಮೇಲೆ ಕಡ್ಡಿಯ ಮೇಲೆ ಗುಂಡುಸೂಜಿ ತಲೆಯಷ್ಟು ಹಸಿರು ಕಾಣಬಹುದು. ಅಲ್ಲಿಯ ತನಕ ಅತ್ತೆಯವರಿಗೆ ಸುಮ್ಮನಿರಿ ಎಂದರೆ ಅವರಿಗೂ ಕಷ್ಟ. ವಾರಕ್ಕೊಮ್ಮೆ ಹೊಟ್ಟೆ ಒತ್ತಿ ನೋಡುವ ಕೆಲಸವನ್ನು ಅವರಿಗೇ ಕೊಡಿ. ಚಿಗುರು ಬಂದಾಗ ಹತ್ತಿರದಿಂದ ಒಂದು ಫೋಟೊ ತೆಗೆದು ಕಳಿಸಿ. ಕಸಿಯ ಗೆರೆಯ ಮೇಲೆ ಬಂದಿದೆಯೋ ಕೆಳಗೋ ನೋಡಿ, ಇಟ್ಟುಕೊಳ್ಳಬೇಕೋ ಚಿವುಟಬೇಕೋ ಹೇಳುತ್ತೇನೆ.